ಅಢಾವೆ ಪತ್ರಿಕೆಯೂ ಸಾಲ ತೀರಿಸುವ ಶಕ್ತಿಯೂ: ಒಂದು ಅನುಪಾತದ ಚರಿತ್ರೆ

೧

ಒಂದು ವ್ಯಾಪಾರಸಂಸ್ಥೆಯು ಆಸ್ತಿವಂತವಾದುದೇ ಅಲ್ಲವೇ ಎಂಬುದು ಒಂದು ಪ್ರಶ್ನೆ. ವಾಯಿದೆ ತುಂಬಿದ ದಿನ ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಾಗ ಅವನ ಕೈಗೆ ಹಣವನ್ನು ಎಣಿಸಿಕೊಡುವ ಸ್ಥಿತಿಯಲ್ಲಿ ಆ ಸಂಸ್ಥೆಯಿದೆಯೇ ಎಂಬುದು ಮತ್ತೊಂದು ಪ್ರಶ್ನೆ. ಮೇಲುನೋಟಕ್ಕೆ ಇವೆರಡೂ ಒಂದೇ ಎಂದು ತೋರುವುದುಂಟು. ಆದರೆ ವಾಣಿಜ್ಯದ ಇತಿಹಾಸದಲ್ಲಿ ಆಸ್ತಿಯಿದ್ದೂ ಬಾಗಿಲು ಮುಚ್ಚಿದ ಮನೆತನಗಳೂ, ಆಸ್ತಿಯಿಲ್ಲದೆಯೂ ಬಹುಕಾಲ ಬಾಗಿಲು ತೆರೆದಿದ್ದ ಮನೆತನಗಳೂ ಒಂದೆರಡಲ್ಲ. ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನನ್ನು ಗಾದೆಯು ಅವಿವೇಕಿಯೆಂದು ನಗುತ್ತದೆ. ವರ್ತಕನ ಪಾಡಾದರೋ ನಗತಕ್ಕದ್ದಲ್ಲ. ಬೆಣ್ಣೆ ಕಾಯುವುದಕ್ಕೆ ಹೊತ್ತು ಬೇಕು. ಸಾಲ ಕೊಟ್ಟವನು ಆ ಹೊತ್ತನ್ನು ಕೊಡಲಾರನು.

ಈ ಎರಡನೆಯ ಪ್ರಶ್ನೆಗೆ ಸಂಸ್ಥೆಯ ಲೆಕ್ಕದ ಒಂದೇ ಹಾಳೆಯಿಂದ ಉತ್ತರವನ್ನು ಪಡೆಯಬಹುದೆಂಬ ನಂಬಿಕೆಯು ಸುಮಾರು ನೂರಮೂವತ್ತು ವರ್ಷಗಳಿಂದೀಚಿನದು. ಆ ನಂಬಿಕೆ ಹುಟ್ಟಿದ ಬಗೆಯನ್ನೂ, ಅದು ಎಷ್ಟರಮಟ್ಟಿಗೆ ಸಾರ್ಥಕವಾಯಿತೆಂಬುದನ್ನೂ, ಎಲ್ಲಿ ಮೋಸಹೋಯಿತೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯ, ವ್ಯಯ, ನೀವಿ ಎಂಬ ಮೂರು ಪದಗಳು ಬರುತ್ತವೆ. ಆಯದಲ್ಲಿ ವ್ಯಯವನ್ನು ಕಳೆದು ಉಳಿದುದು ನೀವಿ. ಇದು ಒಂದು ಅವಧಿಯ ಲೆಕ್ಕ. ಅಢಾವೆ ಪತ್ರಿಕೆಯು ಇದಕ್ಕಿಂತ ಭಿನ್ನವಾದುದು. ಅದು ಒಂದು ಗೊತ್ತಾದ ದಿನ ಸಂಜೆ ಸಂಸ್ಥೆಗೆ ಇರುವುದೇನು, ಸಂಸ್ಥೆಯು ಕೊಡಬೇಕಾದುದೇನು ಎಂಬುದನ್ನು ಎರಡು ಪಕ್ಕಗಳಲ್ಲಿ ಬರೆದು ತೋರಿಸುವ ಪಟ್ಟಿ. ಇರುವುದರಲ್ಲಿ ಒಂದು ವರ್ಷದೊಳಗಾಗಿ ನಗದಾಗಿ ಪರಿಣಮಿಸತಕ್ಕ ನಗದು, ಹುಂಡಿ, ಬರತಕ್ಕ ಬಾಕಿ, ದಾಸ್ತಾನು ಮುಂತಾದುವು ಚಾಲ್ತಿ ಆಸ್ತಿ. ನೆಲ, ಕಟ್ಟಡ, ಯಂತ್ರ ಮೊದಲಾದುವು ಸ್ಥಿರಾಸ್ತಿ. ಹಾಗೆಯೇ ವರ್ಷದೊಳಗೆ ತೀರಿಸತಕ್ಕ ಸಾಲಗಳು ಚಾಲ್ತಿ ಹೊಣೆ. ಚಾಲ್ತಿ ಆಸ್ತಿಯನ್ನು ಚಾಲ್ತಿ ಹೊಣೆಯಿಂದ ಭಾಗಿಸಿದರೆ ಬರುವುದು ಚಾಲ್ತಿ ಅನುಪಾತ. ಚಾಲ್ತಿ ಆಸ್ತಿಯಲ್ಲಿ ದಾಸ್ತಾನನ್ನು ಬಿಟ್ಟು ಭಾಗಿಸಿದರೆ ಬರುವುದು ತ್ವರಿತ ಅನುಪಾತ. ಚಿನ್ನವನ್ನು ಆಮ್ಲದಿಂದ ಪರೀಕ್ಷಿಸುವ ವಾಡಿಕೆಯನ್ನು ನೆನೆದು ಪಾಶ್ಚಾತ್ಯರು ಈ ಎರಡನೆಯದನ್ನು ಆಸಿಡ್ ಟೆಸ್ಟ್ ಎಂದು ಕರೆದರು. ಕನ್ನಡದಲ್ಲಿ ಒರೆಗಲ್ಲಿನ ಪರೀಕ್ಷೆಯೆನ್ನಲು ಅಡ್ಡಿಯಿಲ್ಲ.

೨

ಆಸ್ತಿವಂತಿಕೆಗೂ ತೀರಿಸುವ ಶಕ್ತಿಗೂ ಇರುವ ಭೇದವು ಲಂಡನ್ ನಗರದಲ್ಲಿ ನಡೆದ ಎರಡು ಪ್ರಸಂಗಗಳಿಂದ ವಿಶದವಾಗುತ್ತದೆ. ೧೮೬೬ನೆಯ ಮೇ ತಿಂಗಳಿನಲ್ಲಿ ಓವರೆಂಡ್ ಗರ್ನಿ ಎಂಬ ಹುಂಡಿ ವ್ಯಾಪಾರದ ಪ್ರಖ್ಯಾತ ಸಂಸ್ಥೆಯು ಹಣ ಕೊಡುವುದನ್ನು ನಿಲ್ಲಿಸಿತು. ಬ್ಯಾಂಕ್ ಆಫ್ ಇಂಗ್ಲೆಂಡು ಅದರ ಲೆಕ್ಕಗಳನ್ನು ನೋಡಿಸಿ, ನೆರವು ಕೊಡಲು ಒಪ್ಪಲಿಲ್ಲ. ಆ ಸಂಸ್ಥೆಯ ಬೇರೇ ಕೊಳೆತುಹೋಗಿದ್ದಿತು. ೧೮೯೦ರ ನವೆಂಬರಿನಲ್ಲಿ ಬೇರಿಂಗ್ ಸಹೋದರರ ಮನೆತನವು ಅರ್ಜೆಂಟೈನಾದ ಸಾಲಪತ್ರಗಳಲ್ಲಿ ಹಣವನ್ನು ತೊಡಗಿಸಿ ಅದೇ ಬಗೆಯ ಇಕ್ಕಟ್ಟಿಗೆ ಸಿಕ್ಕಿತು. ಆದರೆ ಲೆಕ್ಕವನ್ನು ಪರಿಶೀಲಿಸಿದಾಗ ಆಸ್ತಿಯು ಹೊಣೆಗಿಂತ ಹೆಚ್ಚಾಗಿಯೇ ಕಂಡುಬಂದಿತು. ಕೊರತೆಯಿದ್ದುದು ಕಾಲಾವಕಾಶದ್ದು ಮಾತ್ರ. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರನಾಗಿದ್ದ ಲಿಡರ್‌ಡೇಲನು ಇತರ ಬ್ಯಾಂಕುಗಳನ್ನು ಸೇರಿಸಿಕೊಂಡು ಜಾಮೀನು ನಿಧಿಯೊಂದನ್ನು ಏರ್ಪಡಿಸಿದನು. ಆ ಮನೆತನದ ಆಸ್ತಿಯನ್ನು ನಿಧಾನವಾಗಿ ಮಾರಿ ಸಾಲವನ್ನೆಲ್ಲ ತೀರಿಸಲು ಸಾಧ್ಯವಾಯಿತು.

ಹೊರಗೆ ನಿಂತು ನೋಡಿದವರಿಗೆ ಈ ಎರಡು ಪ್ರಸಂಗಗಳೂ ಒಂದೇ ತೆರನಾಗಿ ಕಂಡಿರಬೇಕು. ಒಳಹೊಕ್ಕು ನೋಡಿದವರಿಗೆ ಮಾತ್ರ ಒಂದು ರೋಗ, ಮತ್ತೊಂದು ದಣಿವು ಎಂಬುದು ತಿಳಿಯಿತು. ಹಾಗಾದರೆ ಒಳಹೊಗಲು ಅಧಿಕಾರವಿಲ್ಲದ ಸಾಮಾನ್ಯ ಠೇವಣಿದಾರನೂ ದೂರದೂರಿನ ಸರಕುದಾರನೂ ಏನು ಮಾಡಬೇಕು? ಅನುಪಾತದ ಶಾಸ್ತ್ರವು ಹುಟ್ಟಿದ್ದು ಈ ಪ್ರಶ್ನೆಯಿಂದ.

೩

ಉತ್ತರವನ್ನು ಮೊದಲು ಕ್ರಮಬದ್ಧವಾಗಿ ಹುಡುಕಿದವರು ಅಮೆರಿಕದ ಬ್ಯಾಂಕುಗಳವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ವರ್ತಕರಿಗೆ ಕೇವಲ ಪರಿಚಯದ ಮೇಲೆ ಸಾಲ ಕೊಡುವ ಪದ್ಧತಿಯು ಸಾಗದಂತಾಯಿತು. ಸಾಲ ಕೇಳುವವರು ಅಪರಿಚಿತರು, ಊರುಗಳು ದೂರ. ೧೮೯೫ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಬ್ಯಾಂಕರುಗಳ ಸಂಘವು, ಸಾಲ ಬೇಡುವವರಿಂದ ಅವರ ಆಸ್ತಿ ಹೊಣೆಗಳ ಪಟ್ಟಿಯನ್ನು ಬರೆಸಿ ರುಜು ಹಾಕಿಸಿಕೊಳ್ಳಬೇಕೆಂದು ತನ್ನ ಸದಸ್ಯರಿಗೆ ಸಲಹೆ ಮಾಡಿತು. ಹೀಗೆ ಪಟ್ಟಿಗಳು ರಾಶಿಯಾಗಿ ಬಂದು ಸೇರಿದ ಮೇಲೆ ಅವುಗಳನ್ನು ಓದುವುದು ಹೇಗೆಂಬ ಸಮಸ್ಯೆಯುಂಟಾಯಿತು. ಚಾಲ್ತಿಯಾದುದನ್ನು ಸ್ಥಿರವಾದುದರಿಂದ ಬೇರ್ಪಡಿಸಿ, ಒಂದನ್ನು ಮತ್ತೊಂದರೊಡನೆ ಹೋಲಿಸುವ ರೂಢಿಯು ಆ ದಶಕದಲ್ಲಿಯೇ ಬೇರೂರಿತು. ಕೊಡಬೇಕಾದ ಒಂದು ಡಾಲರಿಗೆ ಎರಡು ಡಾಲರುಗಳ ಚಾಲ್ತಿ ಆಸ್ತಿಯಿರಬೇಕೆಂಬ ನಿಯಮವು ಕ್ರಮೇಣ ಪ್ರಸಿದ್ಧವಾಯಿತು. ಈ ಎರಡಕ್ಕೊಂದರ ನಿಯಮಕ್ಕೆ ಯಾವ ಶಾಸ್ತ್ರಾಧಾರವೂ ಇರಲಿಲ್ಲ. ಆಸ್ತಿಯು ಅರ್ಧಬೆಲೆಗೆ ಹರಾಜಾದರೂ ಸಾಲವು ತೀರಲಿ ಎಂಬ ಮುನ್ನೆಚ್ಚರಿಕೆಯೇ ಅದರ ಮೂಲ.

೧೯೧೯ರಲ್ಲಿ ಅಲೆಗ್ಸಾಂಡರ್ ವಾಲ್ ಎಂಬಾತನು ಈ ರೂಢಿಯನ್ನು ಅನುಭವದ ಒರೆಗೆ ಹಚ್ಚಿದನು. ೯೮೧ ಸಂಸ್ಥೆಗಳ ಲೆಕ್ಕಗಳಿಂದ ಏಳು ಬಗೆಯ ಅನುಪಾತಗಳನ್ನು ತೆಗೆದು, ಕಸುಬಿನ ಪ್ರಕಾರವಾಗಿಯೂ ಪ್ರಾಂತದ ಪ್ರಕಾರವಾಗಿಯೂ ವಿಂಗಡಿಸಿ ಅವನು ಪ್ರಕಟಿಸಿದ ಅಧ್ಯಯನದಿಂದ ವ್ಯಕ್ತವಾದುದೇನೆಂದರೆ, ಎಲ್ಲ ಕಸುಬುಗಳಿಗೂ ಒಂದೇ ಅಳತೆಗೋಲು ಒಪ್ಪುವುದಿಲ್ಲವೆಂಬುದು. ದಿನದಿನವೂ ನಗದಿಗೆ ಮಾರುವ ದಿನಸಿ ಅಂಗಡಿಗೂ, ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಹತ್ತಿ ಕೊಂಡು ತಿಂಗಳುಗಟ್ಟಲೆ ನೂಲುವ ಗಿರಣಿಗೂ ಒಂದೇ ಪ್ರಮಾಣವನ್ನು ವಿಧಿಸುವುದು ಸರಿಯಾಗಲಾರದು.

ಒಂದು ಕಲ್ಪಿತ ನಿದರ್ಶನದಿಂದ ಈ ವಿಷಯವು ಇನ್ನೂ ಸ್ಪಷ್ಟವಾದೀತು. ಇಬ್ಬರು ಜವಳಿ ವರ್ತಕರಿಗೆ ತಲಾ ೩೦,೦೦೦ ರೂಪಾಯಿಗಳ ಚಾಲ್ತಿ ಹೊಣೆಯಿದೆಯೆನ್ನೋಣ. ಮೊದಲನೆಯವನಲ್ಲಿ ನಗದು ೫,೦೦೦, ಬರತಕ್ಕ ಬಾಕಿ ೧೫,೦೦೦, ದಾಸ್ತಾನು ೪೦,೦೦೦, ಒಟ್ಟು ೬೦,೦೦೦. ಎರಡನೆಯವನಲ್ಲಿ ನಗದು ೧೫,೦೦೦, ಬಾಕಿ ೨೪,೦೦೦, ದಾಸ್ತಾನು ೬,೦೦೦, ಒಟ್ಟು ೪೫,೦೦೦. ಚಾಲ್ತಿ ಅನುಪಾತವು ಮೊದಲನೆಯವನಿಗೆ ಎರಡು, ಎರಡನೆಯವನಿಗೆ ಒಂದೂವರೆ. ಎರಡಕ್ಕೊಂದರ ನಿಯಮದಂತೆ ಮೊದಲನೆಯವನೇ ಭದ್ರನು. ದಾಸ್ತಾನನ್ನು ಬಿಟ್ಟು ಲೆಕ್ಕಹಾಕಿದರೆ ಮೊದಲನೆಯವನಿಗೆ ಒಂದು ರೂಪಾಯಿನ ಸಾಲಕ್ಕೆ ಹತ್ತೂವರೆ ಆಣೆಯಷ್ಟು ಮಾತ್ರ ಕೈಗೆಟುಕುತ್ತದೆ. ಎರಡನೆಯವನಿಗಾದರೋ ಒಂದು ರೂಪಾಯಿ ನಾಲ್ಕು ಆಣೆಗಳಿಗೆ ಕಡಮೆಯಿಲ್ಲ. ಹಬ್ಬ ಕಳೆದು, ಬಣ್ಣ ಹಳತಾದ ಸೀರೆಗಳ ರಾಶಿಯನ್ನು ಪುಸ್ತಕದಲ್ಲಿ ಪೂರ್ತಿ ಬೆಲೆಗೆ ಬರೆದುಕೊಂಡವನ ಭದ್ರತೆಯು ಎಷ್ಟು ದಿನದ್ದು? ಒರೆಗಲ್ಲಿನ ಪರೀಕ್ಷೆಯು ಬಳಕೆಗೆ ಬಂದುದು ಈ ಕಾರಣದಿಂದಲೇ.

೪

ಅಮೆರಿಕದಲ್ಲಿ ಈ ಶಾಸ್ತ್ರವು ಬೆಳೆಯುತ್ತಿದ್ದ ಕಾಲದಲ್ಲಿಯೇ ಭಾರತದಲ್ಲಿ ಅದೇ ಪ್ರಶ್ನೆಯು ಸಾವಿರಾರು ಕುಟುಂಬಗಳ ಉಳಿತಾಯವನ್ನು ಪಣವಾಗಿಟ್ಟುಕೊಂಡು ಎದುರಾಯಿತು. ೧೯೦೬ನೆಯ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್ನಾಟ್ ಕಂಪೆನಿಯು ದಿವಾಳಿಯೆದ್ದಿತು. ಅದು ಪಾಲುದಾರರ ಖಾಸಗಿ ಮನೆತನ. ವಿಧವೆಯರು, ವಿಶ್ರಾಂತಿವೇತನದವರು, ದೇವಾಲಯಗಳ ಧರ್ಮಕರ್ತರು ಮುಂತಾದವರು ಹೆಸರಿನ ಘನತೆಯೊಂದನ್ನೇ ನೆಚ್ಚಿ ಠೇವಣಿಯಿಡುತ್ತಿದ್ದಂಥ ಮನೆತನ. ಅನುಪಾತವನ್ನು ಲೆಕ್ಕಹಾಕುವುದಕ್ಕೆ ಸಾರ್ವಜನಿಕರ ಕೈಯಲ್ಲಿ ಅಢಾವೆ ಪತ್ರಿಕೆಯೇ ಇರಲಿಲ್ಲ. ಆ ಪತನದ ಫಲವಾಗಿ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಿಂದ ೧೯೦೭ರಲ್ಲಿ ಇಂಡಿಯನ್ ಬ್ಯಾಂಕು ಹುಟ್ಟಿತು. ಅದಕ್ಕೆ ಕೆಲವು ತಿಂಗಳು ಮುಂಚೆ, ೧೯೦೬ರಲ್ಲಿಯೇ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎರಡು ಸಂಸ್ಥೆಗಳು ತಲೆಯೆತ್ತಿದ್ದುವು: ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನು; ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡು. ಎರಡನೆಯದು ೧೯೧೦ರಲ್ಲಿ ಕೆನರಾ ಬ್ಯಾಂಕೆಂಬ ಹೆಸರನ್ನು ತಳೆಯಿತು.

ಸ್ವದೇಶೀ ಚಳವಳಿಯ ಉತ್ಸಾಹದಲ್ಲಿ ದೇಶದ ನಾನಾ ಕಡೆ ಬ್ಯಾಂಕುಗಳು ಹುಟ್ಟಿದುವು. ಐದು ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಮೂಲಧನವೂ ಮೀಸಲು ನಿಧಿಯೂ ಉಳ್ಳ ಭಾರತೀಯ ಬ್ಯಾಂಕುಗಳ ಠೇವಣಿಯು ೧೯೦೦ರಲ್ಲಿ ಸುಮಾರು ಎಂಟು ಕೋಟಿ ರೂಪಾಯಿ, ಅವುಗಳಲ್ಲಿದ್ದ ನಗದು ಸುಮಾರು ೧ ಕೋಟಿ ೨೦ ಲಕ್ಷ. ೧೯೧೦ರಲ್ಲಿ ಠೇವಣಿಯು ಸುಮಾರು ಇಪ್ಪತ್ತೈದೂವರೆ ಕೋಟಿಗೆ ಏರಿತು. ನಗದಾದರೋ ೨ ಕೋಟಿ ೮೦ ಲಕ್ಷದಷ್ಟೆ. ಎಂದರೆ, ನೂರು ರೂಪಾಯಿ ಠೇವಣಿಗೆ ಹದಿನೈದು ರೂಪಾಯಿನಷ್ಟಿದ್ದ ನಗದು ಹತ್ತು ವರ್ಷಗಳಲ್ಲಿ ಹನ್ನೊಂದಕ್ಕೆ ಇಳಿಯಿತು. ಠೇವಣಿಯ ಮೂರುಪಟ್ಟು ಬೆಳವಣಿಗೆಯನ್ನು ಕಂಡು ಎಲ್ಲರೂ ಹಿಗ್ಗುತ್ತಿದ್ದಾಗ, ಈ ಇಳಿತವನ್ನು ಕಂಡವರು ವಿರಳ. ಅಂಥವರಲ್ಲಿ ಒಬ್ಬನು ಜಾನ್ ಮೇನಾರ್ಡ್ ಕೇನ್ಸ್. ಭಾರತದ ನಾಣ್ಯ ಮತ್ತು ಹಣಕಾಸನ್ನು ಕುರಿತು ೧೯೧೩ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಬ್ಯಾಂಕುಗಳ ನಗದು ಸಾಲದೆಂದೂ, ಕೆಟ್ಟ ಕಾಲವೊಂದು ಬಂದರೆ ಇವು ಒಂದರ ಹಿಂದೊಂದು ಉರುಳುವ ಸಂಭವವಿದೆಯೆಂದೂ ಎಚ್ಚರಿಸಿದ್ದನು. ಭಾರತದ ನೆಲವನ್ನು ಮೆಟ್ಟದಿದ್ದವನು ಅಂಕಿಗಳ ಎರಡು ಸಾಲುಗಳನ್ನು ಒಂದಕ್ಕೊಂದು ತಾಳೆನೋಡಿ ಹೇಳಿದ ಭವಿಷ್ಯವದು.

ಅದು ನಿಜವಾಗಲು ಬಹುಕಾಲ ಬೇಕಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕು ಬಾಗಿಲು ಮುಚ್ಚಿತು. ಲಾಲಾ ಹರಕಿಷನ್ ಲಾಲರು ಕಟ್ಟಿದ ಆ ಬ್ಯಾಂಕು ಅಲ್ಪಾವಧಿಯ ಠೇವಣಿಗಳನ್ನು ಪಡೆದು, ಗಿರಣಿ ಮೊದಲಾದ ಉದ್ಯಮಗಳಲ್ಲಿ ದೀರ್ಘಾವಧಿಗೆ ತೊಡಗಿಸಿದ್ದಿತು. ಆ ಉದ್ಯಮಗಳು ದೇಶಕ್ಕೆ ಬೇಕಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಿಟ್ಟಿನ ಗಿರಣಿಯ ಗೋಡೆಯನ್ನು ಒಡೆದು ಠೇವಣಿದಾರನಿಗೆ ಹಂಚಲು ಬರುವುದಿಲ್ಲ. ವರ್ಷದ ಕೊನೆಯೊಳಗಾಗಿ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕೂ ಬಿದ್ದಿತು. ಅದನ್ನು ಮುಳುಗಿಸಿದ್ದು ಬೆಳ್ಳಿಯ ಸಟ್ಟಾ ವ್ಯಾಪಾರ. ಬೆಳ್ಳಿಗಿಂತ ಸುಲಭವಾಗಿ ಮಾರಾಟವಾಗುವ ಸರಕು ಯಾವುದೆಂದು ಕೇಳಬಹುದು. ಆದರೆ ಅತಿಯಾಗಿ ಕೊಂಡಿಟ್ಟವನೇ ಮಾರಲು ಹೊರಟಾಗ ಬೆಲೆಯು ಅವನ ಕೈಯಿಂದಲೇ ಕುಸಿಯುತ್ತದೆ. ಆಸ್ತಿಯ ದ್ರವತೆಯು ಆ ವಸ್ತುವಿನ ಗುಣವಷ್ಟೇ ಅಲ್ಲ, ಮಾರುವವನ ಅವಸರವನ್ನೂ ಕೊಳ್ಳುವವರ ಮನಸ್ಸನ್ನೂ ಅವಲಂಬಿಸಿದ್ದು. ೧೯೧೩ರಲ್ಲಿ ೧೨, ೧೯೧೪ರಲ್ಲಿ ೪೨. ೧೯೧೮ರ ಕೊನೆಯ ವೇಳೆಗೆ ಒಟ್ಟು ೯೪ ಬ್ಯಾಂಕುಗಳು ಅಳಿದುವು.

ಮೈಸೂರು ಸಂಸ್ಥಾನದ ಬ್ಯಾಂಕು ಹುಟ್ಟಿದ್ದು ಈ ಬಿರುಗಾಳಿಯ ನಡುವೆಯೇ ಎಂಬುದು ಗಮನಿಸತಕ್ಕ ವಿಷಯ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಬ್ಯಾಂಕು ೧೯೧೩ನೆಯ ಅಕ್ಟೋಬರ್ ೨ರಂದು ಕೆಲಸವನ್ನಾರಂಭಿಸಿತು. ಲಾಹೋರಿನ ಪತನವು ನಡೆದು ಆಗ ಒಂದು ತಿಂಗಳೂ ತುಂಬಿರಲಿಲ್ಲ. ಜನರು ಠೇವಣಿಯನ್ನು ಕಿತ್ತು ಮನೆಗೊಯ್ಯುತ್ತಿದ್ದ ಋತುವಿನಲ್ಲಿ ಠೇವಣಿ ಕೇಳುವ ಹೊಸ ಬಾಗಿಲನ್ನು ತೆರೆಯುವುದು ಧೈರ್ಯದ ಮಾತು. ಅದರ ಹಿಂದೆ ಸಂಸ್ಥಾನದ ಸರ್ಕಾರದ ಆಶ್ರಯವಿದ್ದಿತೆಂಬುದನ್ನು ಮರೆಯುವಂತಿಲ್ಲ. ಸಾಲ ತೀರಿಸುವ ಶಕ್ತಿಯಲ್ಲಿ ಅಢಾವೆ ಪತ್ರಿಕೆಯೊಳಗೆ ಬರೆಯಲಾಗದ ಅಂಶವೊಂದುಂಟು; ಕಷ್ಟಕಾಲದಲ್ಲಿ ಹಿಂದೆ ನಿಲ್ಲುವವರು ಯಾರು ಎಂಬುದೇ ಅದು. ಆ ಬ್ಯಾಂಕು ೨೦೧೭ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗುವವರೆಗೆ ನೂರು ವರ್ಷಗಳಿಗೂ ಮೀರಿ ಬಾಳಿತು.

೫

ಅನುಪಾತವು ಎಚ್ಚರಿಸಬಲ್ಲುದೆಂಬುದಕ್ಕೆ ೧೯೧೩ ಸಾಕ್ಷಿ. ಆದರೆ ಅದು ಮೋಸಗೊಳಿಸಲೂ ಬಲ್ಲುದು. ಮೊದಲನೆಯದಾಗಿ, ಅಢಾವೆ ಪತ್ರಿಕೆಯು ಒಂದು ದಿನದ ಚಿತ್ರ. ಆ ದಿನ ಯಾವುದೆಂಬುದು ಮುಂಚಿತವಾಗಿ ಗೊತ್ತಿರುವ ಸಂಗತಿ. ಒಂದು ಸಂಸ್ಥೆಗೆ ೬೦,೦೦೦ ರೂಪಾಯಿ ಚಾಲ್ತಿ ಆಸ್ತಿಯೂ ೪೦,೦೦೦ ರೂಪಾಯಿ ಚಾಲ್ತಿ ಹೊಣೆಯೂ ಇದ್ದರೆ ಅನುಪಾತವು ಒಂದೂವರೆ. ವರ್ಷದ ಕೊನೆಯ ದಿನ ನಗದಿನಿಂದ ೨೦,೦೦೦ ರೂಪಾಯಿ ಸಾಲವನ್ನು ತೀರಿಸಿಬಿಟ್ಟರೆ, ಉಳಿಯುವುದು ೪೦,೦೦೦ಕ್ಕೆ ೨೦,೦೦೦, ಅನುಪಾತವು ಎರಡಾಗುತ್ತದೆ. ಮರುದಿನ ಅದೇ ಸಾಲವನ್ನು ಮತ್ತೆ ಎತ್ತಬಹುದು. ಸಂಸ್ಥೆಯು ಎಳ್ಳಷ್ಟೂ ಬಲಗೊಳ್ಳಲಿಲ್ಲ, ಬಲಗೊಂಡಂತೆ ಕಂಡಿತು. ಇನ್ನೊಂದು ವಿಚಿತ್ರವೆಂದರೆ, ಆಸ್ತಿಯು ಹೊಣೆಗಿಂತ ಕಡಮೆಯಿರುವ ದುರ್ಬಲ ಸಂಸ್ಥೆಯು ಪ್ರಾಮಾಣಿಕವಾಗಿ ಸಾಲ ತೀರಿಸಿದರೆ ಅದರ ಅನುಪಾತವು ಇನ್ನೂ ಇಳಿಯುತ್ತದೆ. ೩೦,೦೦೦ಕ್ಕೆ ೪೦,೦೦೦ ಇದ್ದುದು ೧೦,೦೦೦ಕ್ಕೆ ೨೦,೦೦೦ ಆದಾಗ ಮುಕ್ಕಾಲು ಹೋಗಿ ಅರ್ಧವಾಗುತ್ತದೆ.

ಇಂಥ ಅಲಂಕಾರವು ಕ್ಷುದ್ರ ಸಂಸ್ಥೆಗಳ ಕಸುಬೆಂದು ಭಾವಿಸಬೇಕಾಗಿಲ್ಲ. ಲಂಡನ್ನಿನ ದೊಡ್ಡ ಬ್ಯಾಂಕುಗಳು ವಾರದಲ್ಲಿ ಬೇರೆ ಬೇರೆ ದಿನಗಳನ್ನು ಲೆಕ್ಕದ ದಿನಗಳನ್ನಾಗಿ ಮಾಡಿಕೊಂಡು, ತಮ್ಮ ತಮ್ಮ ದಿನದಂದು ಹುಂಡಿ ಮಾರುಕಟ್ಟೆಯಿಂದ ಹಣವನ್ನು ಹಿಂದಕ್ಕೆ ಪಡೆದು ನಗದನ್ನು ಹೆಚ್ಚಾಗಿ ತೋರಿಸುತ್ತಿದ್ದುವು. ಒಂದೇ ಹಣವು ವಾರದಲ್ಲಿ ಹಲವು ಮನೆಗಳ ಹಬ್ಬಕ್ಕೆ ಒಡವೆಯಾಗುತ್ತಿದ್ದಿತು. ೧೯೩೧ರ ಮ್ಯಾಕ್ಮಿಲನ್ ಸಮಿತಿಯು ಇದನ್ನು ಆಕ್ಷೇಪಿಸಿತು. ೧೯೪೬ರ ಕೊನೆಯಲ್ಲಿ ಈ ರೂಢಿಯನ್ನು ಕೈಬಿಟ್ಟು, ನೂರಕ್ಕೆ ಎಂಟರಷ್ಟು ನಗದನ್ನು ನಿಜವಾಗಿಯೇ ಇಡುವ ಪದ್ಧತಿಯನ್ನು ಅವು ಕೈಗೊಂಡುವು.

ಎರಡನೆಯದಾಗಿ, ಅನುಪಾತವು ಎರಡು ಮೊತ್ತಗಳನ್ನು ಒಂದಂಕಿಯಲ್ಲಿ ಅಡಗಿಸುತ್ತದೆ. ಅಂಕಿಯು ಬದಲಾದಾಗ ಮೇಲಿನದು ಏರಿತೋ ಕೆಳಗಿನದು ಇಳಿಯಿತೋ ತಿಳಿಯದು. ೧೯೨೫ರಲ್ಲಿ ಸ್ಟೀಫನ್ ಗಿಲ್ಮನ್ ಎಂಬ ಅಮೆರಿಕನ್ ಲೇಖಕನು ಮುಂದಿಟ್ಟ ಆಕ್ಷೇಪಗಳಲ್ಲಿ ಇದು ಮುಖ್ಯವಾದುದು. ಅನುಪಾತವು ಕೃತಕವಾದ ಅಳತೆ, ಅದನ್ನೇ ದಿಟ್ಟಿಸುವವನು ಸಂಸ್ಥೆಯ ಸಮಗ್ರ ಸ್ವರೂಪವನ್ನು ಮರೆಯುತ್ತಾನೆ ಎಂಬುದು ಅವನ ವಾದ.

ಮೂರನೆಯದು ಅತ್ಯಂತ ಸೂಕ್ಷ್ಮವಾದುದು. ೧೯೬೬ರಲ್ಲಿ ವಿಲಿಯಂ ಬೀವರ್ ಎಂಬ ವಿದ್ವಾಂಸನು ವಿಫಲವಾದ ೭೯ ಸಂಸ್ಥೆಗಳನ್ನು, ಅದೇ ಕಸುಬಿನ, ಸರಿಸುಮಾರು ಅದೇ ಗಾತ್ರದ ೭೯ ಸಫಲ ಸಂಸ್ಥೆಗಳೊಡನೆ ಹೋಲಿಸಿ, ಮೂವತ್ತು ಅನುಪಾತಗಳನ್ನು ಪರೀಕ್ಷಿಸಿದನು. ವಿನಾಶವನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು ನಗದಿನ ಹರಿವಿಗೂ ಒಟ್ಟು ಸಾಲಕ್ಕೂ ಇರುವ ಪ್ರಮಾಣ. ಸುಪ್ರಸಿದ್ಧವಾದ ಚಾಲ್ತಿ ಅನುಪಾತವು ಅದಕ್ಕೆ ಸಮನಾಗಲಿಲ್ಲ. ಅಳಿವಿನತ್ತ ಸಾಗಿದ್ದ ಸಂಸ್ಥೆಗಳಲ್ಲಿ ನಗದು ಕಡಮೆ, ಬರತಕ್ಕ ಬಾಕಿ ಹೆಚ್ಚು. ಎರಡನ್ನೂ ಕೂಡಿಸಿದರೆ ಒಂದರ ಕೊರತೆಯನ್ನು ಮತ್ತೊಂದು ಮುಚ್ಚುತ್ತದೆ. ಒರೆಗಲ್ಲಿನ ಪರೀಕ್ಷೆಯೂ ಇಲ್ಲಿ ಸೋಲುವುದುಂಟು. ವಸೂಲಾಗದ ಬಾಕಿಯು ಹಳೆಯ ಸೀರೆಗಿಂತ ಕಡೆ.

೬

ಭಾರತದಲ್ಲಿ ಅನುಪಾತವು ಕ್ರಮೇಣ ವಿವೇಕದ ಮಾತಾಗಿದ್ದುದು ಹೋಗಿ ಕಾನೂನಿನ ವಿಧಿಯಾಯಿತು. ೧೯೩೪ರ ರಿಸರ್ವ್ ಬ್ಯಾಂಕ್ ಶಾಸನವು ಷೆಡ್ಯೂಲ್ಡ್ ಬ್ಯಾಂಕುಗಳು ಕೇಳಿದೊಡನೆ ಕೊಡತಕ್ಕ ಹೊಣೆಯಲ್ಲಿ ನೂರಕ್ಕೆ ಐದನ್ನೂ ವಾಯಿದೆಯ ಹೊಣೆಯಲ್ಲಿ ನೂರಕ್ಕೆ ಎರಡನ್ನೂ ರಿಸರ್ವ್ ಬ್ಯಾಂಕಿನಲ್ಲಿಡಬೇಕೆಂದು ವಿಧಿಸಿತು. ೧೯೩೬ರ ಕಂಪೆನಿ ಕಾನೂನಿನ ತಿದ್ದುಪಡಿಯು ಉಳಿದ ಬ್ಯಾಂಕುಗಳಿಗೂ ನಗದು ಮೀಸಲನ್ನು ಗೊತ್ತುಮಾಡಿತು. ಇಷ್ಟಾದರೂ ೧೯೩೮ರ ಜೂನ್ ತಿಂಗಳಿನಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು, ಷೆಡ್ಯೂಲ್ಡ್ ಬ್ಯಾಂಕಾಗಿದ್ದೂ ಬಿದ್ದಿತು. ಜನರು ಗುಂಪುಗೂಡಿ ಹಣ ಕೇಳಲು ಬಂದಾಗ ನೂರಕ್ಕೆ ಐದು ಎಷ್ಟು ಹೊತ್ತಿನ ಮಾತು? ಅಲ್ಲದೆ, ಕಾನೂನಿನಂತೆ ಸದಾ ಇಟ್ಟಿರಲೇಬೇಕಾದ ಹಣವು ತೆಗೆದು ಕೊಡಲು ಬಾರದ ಹಣವೇ ಆಗಿದೆ. ೧೯೪೯ರ ಬ್ಯಾಂಕಿಂಗ್ ಕಂಪೆನಿಗಳ ಶಾಸನವು, ಎರಡು ವರ್ಷಗಳ ಅವಧಿಯ ಬಳಿಕ, ನಗದು, ಚಿನ್ನ, ಅಂಗೀಕೃತ ಸಾಲಪತ್ರಗಳ ರೂಪದಲ್ಲಿ ಒಟ್ಟು ಹೊಣೆಯ ನೂರಕ್ಕೆ ಇಪ್ಪತ್ತರಷ್ಟನ್ನು ಇಡಬೇಕೆಂದು ಕಟ್ಟುಮಾಡಿತು. ೧೯೬೦ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು ಬಿದ್ದ ಮೇಲೆ ಠೇವಣಿ ವಿಮೆಯ ಏರ್ಪಾಡು ೧೯೬೨ರಿಂದ ಜಾರಿಗೆ ಬಂದಿತು. ಸಣ್ಣ ಠೇವಣಿದಾರನಿಂದ ಅಢಾವೆ ಪತ್ರಿಕೆಯನ್ನು ಓದಿಸುವುದು ನ್ಯಾಯವಲ್ಲವೆಂಬುದನ್ನು ಇದರಿಂದ ರಾಜ್ಯವೇ ಒಪ್ಪಿಕೊಂಡಂತಾಯಿತು.

೨೦೧೦ರಲ್ಲಿ ಬಾಸೆಲ್ ಸಮಿತಿಯು ರೂಪಿಸಿ ಭಾರತದಲ್ಲಿ ೨೦೧೫ರಿಂದ ಹಂತಹಂತವಾಗಿ ಆಚರಣೆಗೆ ಬಂದ ಹೊಸ ಅನುಪಾತವು ಈ ಅನುಭವಗಳ ಸಾರವನ್ನು ಹೀರಿಕೊಂಡಿದೆ. ಅದು ಒಂದು ದಿನದ ಚಿತ್ರಕ್ಕೆ ತೃಪ್ತಿಪಡದೆ, ಮೂವತ್ತು ದಿನಗಳ ಸಂಕಟಕಾಲದಲ್ಲಿ ಹೊರಹೋಗಬಹುದಾದ ಹಣಕ್ಕೆ ಸಮನಾದ ಉತ್ತಮ ದ್ರವಾಸ್ತಿಯಿದೆಯೇ ಎಂದು ಕೇಳುತ್ತದೆ. ಆದರೂ ೨೦೨೩ನೆಯ ಮಾರ್ಚ್ ೯ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ ೪,೨೦೦ ಕೋಟಿ ಡಾಲರುಗಳು ಹೊರಬಿದ್ದುವು. ಬಡ್ಡಿಯ ದರವೇರಿ ಅದರ ದೀರ್ಘಾವಧಿ ಸಾಲಪತ್ರಗಳ ಬೆಲೆಯು ಆ ಮೊದಲೇ ಕುಸಿದಿದ್ದಿತು. ಮೂವತ್ತು ದಿನಗಳ ಲೆಕ್ಕವನ್ನು ಹಾಕಿಕೊಂಡ ಶಾಸ್ತ್ರಕ್ಕೆ ಒಂದು ದಿನವು ಪಾಠ ಹೇಳಿತು.

ಈ ಚರಿತ್ರೆಯಿಂದ ನಿಷ್ಪನ್ನವಾಗುವ ಅಭಿಪ್ರಾಯವಿಷ್ಟು. ಚಾಲ್ತಿ ಅನುಪಾತವೂ ತ್ವರಿತ ಅನುಪಾತವೂ ಉತ್ತರಗಳಲ್ಲ, ಪ್ರಶ್ನೆಗಳು. ಅನುಪಾತವು ಎರಡಕ್ಕಿಂತ ಕಡಮೆಯಿದ್ದರೆ ಕಾರಣವೇನೆಂದು ಕೇಳಬೇಕು. ಹೆಚ್ಚಿದ್ದರೆ ದಾಸ್ತಾನು ಮಾರಾಟವಾಗದೆ ನಿಂತಿದೆಯೇ, ಬಾಕಿಯು ವಸೂಲಾಗದೆ ನಿಂತಿದೆಯೇ ಎಂದು ಕೇಳಬೇಕು. ಒಂದು ವರ್ಷದ್ದನ್ನಲ್ಲದೆ ಹಲವು ವರ್ಷಗಳದನ್ನು, ಒಂದು ಸಂಸ್ಥೆಯದನ್ನಲ್ಲದೆ ಅದೇ ಕಸುಬಿನ ಹಲವು ಸಂಸ್ಥೆಗಳದನ್ನು ಹೋಲಿಸಬೇಕು. ಸಾಹಿತ್ಯಾಭ್ಯಾಸಿಗಳಿಗೆ ಈ ಮಾತು ಹೊಸದಾಗಿ ತೋರಲಾರದು. ಒಂದೇ ಓಲೆಯ ಪ್ರತಿಯನ್ನು ನೆಚ್ಚಿ ಪಾಠವನ್ನು ನಿರ್ಣಯಿಸುವವನಿಗೆ ಎಷ್ಟು ಪ್ರಾಮಾಣ್ಯವೋ, ಒಂದೇ ದಿನದ ಅಢಾವೆಯನ್ನು ನೆಚ್ಚಿ ಸಂಸ್ಥೆಯ ಬಲವನ್ನು ನಿರ್ಣಯಿಸುವವನಿಗೂ ಅಷ್ಟೇ. ೧೯೧೦ರ ಅಂಕಿಗಳು ಸುಳ್ಳಾಡಲಿಲ್ಲ. ಅವು ಎಲ್ಲರ ಕಣ್ಣೆದುರಿಗೇ ಇದ್ದುವು. ಅವುಗಳನ್ನು ಪ್ರಶ್ನೆಯಾಗಿ ಓದಿದವರು ಮಾತ್ರ ಕೆಲವೇ ಮಂದಿ. ಅದರ ಬೆಲೆಯನ್ನು ತೆತ್ತವರು ಬಾಗಿಲು ಮುಚ್ಚಿದ ಬ್ಯಾಂಕುಗಳ ಮೆಟ್ಟಲ ಮೇಲೆ ಪಾಸುಪುಸ್ತಕ ಹಿಡಿದು ನಿಂತ ಜನರು.